ಬರಿಯ ಹೆಸರು

ಬೆಳಿಗ್ಗೆ ಎದ್ದಾಗಿನಿಂದ ಆ ಹೆಸರು ರೂಬೆನ್ ಟಾರ್ವರನ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಕನ್ನಡಿಯ ಮುಂದೆ ಕೆನ್ನೆಗೆ ನೊರೆ ಹಚ್ಚಿಕೊಂಡು, ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳಿಸದಿರಲೆಂದು ನಲ್ಲಿಯನ್ನು ಜೋರಾಗಿ ಬಿಟ್ಟು, 'ಹಾಯ್ಟ್' ಎಂದು ಹೇಳಿ ನೋಡಿದ. ಹೇಳಿದ್ದೇನೋ ಹೌದು, ಆದರೆ ಅದಕ್ಕೆ ಮುಂಚೆಯೇ ಗಂಟಲಲ್ಲಿ ಇನ್ನೊಂದು ಸದ್ದು ಎದ್ದು, ಹೊಸ್ತಿಲಲ್ಲಿ ನಿಂತ ಆಳಿನ ಹಾಗೆ ಅನುಮಾನಿಸಿ, ಆಮೇಲೆ ಸರಿದು ಜಾಗ ಬಿಟ್ಟಿತ್ತು. ಮತ್ತೆ ಹೇಳಿದ. ಈ ಸಲ ಆ ಸದ್ದು ಸರಿಯಲಿಲ್ಲ. 'ಮಿಸ್ಟರ್ ಹಾಯ್ಟ್' ಎಂದು ಕನ್ನಡಿಯೊಳಗಿನ ಮುದುಕ ಸರಾಗವಾಗಿ ಹೇಳಿಬಿಟ್ಟ. ಹೇಳುವಾಗ ಅವನ ತಲೆ ಒಂದಿಷ್ಟು ಬಾಗಿದ್ದನ್ನು ರೂಬೆನ್ ಮೊದಲ ಸಲ ಕಂಡ. ಇಷ್ಟು ವರ್ಷ ಆ ಹೆಸರಿನ ಜೊತೆ ತಲೆಯೂ ಬಾಗುತ್ತಿತ್ತೇ, ಅಥವಾ ಇವತ್ತು ಕತ್ತಿ ಗಲ್ಲದ ಕೆಳಗೆ ಹೋಗಬೇಕಾದ್ದರಿಂದ ಬಾಗಿತೇ ಎಂದು ಯೋಚಿಸುತ್ತ ನಿಂತವನಿಗೆ, ನೊರೆ ಒಣಗಿ ಕೆನ್ನೆ ಬಿಗಿಯತೊಡಗಿತು.

ಕೆಲಸವೇನೂ ದೊಡ್ಡದಲ್ಲ. ಮಗಳು ಮಾರ್ವೆಟ್ ರಾಜ್ಯದ ಶಾಸನಸಭೆಗೆ ನಿಂತಿದ್ದಳು. ಮಧ್ಯಾಹ್ನ ಹಾಯ್ಟ್ ಗ್ಯಾಸ್ಕಿನ್‌ನ ಕಡಲೆಕಾಯಿ ಖರೀದಿ ಶೆಡ್ಡಿನಲ್ಲಿ ಸಭೆ. ಅವಳು ಮಾತಾಡುವ ಮುಂಚೆ ಅಪ್ಪ ಎದ್ದು ನಾಲ್ಕು ಮಾತು ಹೇಳಬೇಕು. ಆ ಮಾತುಗಳನ್ನೂ ಪಕ್ಷವೇ ಅಟ್ಲಾಂಟಾದಿಂದ ಬರೆದು ಕಳಿಸಿತ್ತು. ಅವನು ಯೋಚಿಸಬೇಕಾದ್ದೇನೂ ಇರಲಿಲ್ಲ. 'ನಾನೂ ಹಾಯ್ಟೂ ಒಂದೇ ಬೇಲಿಯ ಎರಡು ಬದಿಯಲ್ಲಿ ಬೆಳೆದವರು. ಮಳೆ ನಮ್ಮಿಬ್ಬರ ಹೊಲಕ್ಕೂ ಒಂದೇ ಸಲ ಬರುತ್ತದೆ. ಆಸ್ಪತ್ರೆ ಮುಚ್ಚಿದ ಮೇಲೆ ಆಂಬ್ಯುಲೆನ್ಸ್ ನಮ್ಮಿಬ್ಬರ ಮನೆಗೂ ಒಂದೇ ದೂರದಿಂದ ಬರುತ್ತದೆ.' ಅಷ್ಟು ಹೇಳಿ ಮಗಳನ್ನು ಕರೆದರೆ ಮುಗಿಯಿತು. ಬಣ್ಣದ ಸುದ್ದಿ ಇಲ್ಲ, ಜನಾಂಗದ ಸುದ್ದಿ ಇಲ್ಲ. ಅದಕ್ಕಾಗಿಯೇ ಹಾಗೆ ಬರೆದದ್ದು. ಮೊದಲ ಓದಿಗೆ ಅವನಿಗೂ ಚೆನ್ನಾಗಿಯೇ ಕಂಡಿತ್ತು. ಎರಡನೆಯ ಓದಿಗೆ, ಬೇಲಿ ಹಾಕಿದವರು ಯಾರು ಎಂದು ಕೇಳಬೇಕೆನಿಸಿತು. ಮೂರನೆಯ ಓದಿಗೆ ಬೇಲಿ, ಮಳೆ ಎಲ್ಲ ಹಿಂದೆ ಸರಿದು ಆ ಹೆಸರೊಂದೇ ಹಾಳೆಯ ಮೇಲೆ ಉಳಿಯಿತು: ಹಾಯ್ಟ್, ಹಿಂದೆ ಮುಂದೆ ಏನೂ ಇಲ್ಲದೆ.

ಮನಸ್ಸಿನೊಳಗೆ ಆತ ಎಂದೂ ಬರೀ ಹಾಯ್ಟ್. ಒಳಗೆ ಯಾರ ಹಂಗೂ ಇಲ್ಲ. ಬಾಯಿಗೆ ಬರುವಾಗ ಮಾತ್ರ ಮಿಸ್ಟರ್ ಹಾಯ್ಟ್. ಇಬ್ಬರದೂ ಒಂದೇ ವಯಸ್ಸು. ಇನ್ನು ಕೆಲವು ತಿಂಗಳಿಗೆ ಇಬ್ಬರಿಗೂ ಎಪ್ಪತ್ತು. ಹಾಯ್ಟ್ ಅವನನ್ನು ರೂಬೆನ್ ಎನ್ನುತ್ತಾನೆ, ಹಾಯ್ಟನ ಮಗ ರೂಬೆನ್ ಎನ್ನುತ್ತಾನೆ, ಮೊನ್ನೆ ಮೊನ್ನೆ ಮೀಸೆ ಬಂದ ಮೊಮ್ಮಗನೂ ಟ್ರ್ಯಾಕ್ಟರಿನ ಮೇಲಿಂದ ಕೈಯೆತ್ತಿ 'ಏನ್ ರೂಬೆನ್' ಎನ್ನುತ್ತಾನೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಇದನ್ನು ಗಮನಿಸಿದವರೂ ಅಲ್ಲ. ಕಾನೂನು ಬದಲಾಯಿತು, ಶಾಲೆ ಬದಲಾಯಿತು, ಪೇಟೆಯ ಔಷಧಿ ಅಂಗಡಿಯಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಸ್ಟೂಲುಗಳ ಮೇಲೆ ರೂಬೆನ್‌ನಂಥ ಕರಿಯರೂ ಕೂರುವ ಹಾಗಾಯಿತು. ಈ ಒಂದು ಪದ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿದುಬಿಟ್ಟಿತು.

'ಕೊಯ್ಕೊಂಡ್ರಾ?' ಎಂದು ಅರ್ಲೀನ್ ಅಡುಗೆಮನೆಯಿಂದ ಕೂಗಿದಳು. 'ಎಷ್ಟೊತ್ತು ಅದು? ಗ್ರಿಟ್ಸ್ ಗಂಜಿ ಗಟ್ಟಿಯಾಗ್ತಾ ಇದೆ.'

'ಬಂದೆ.'

'ಯಾರ ಜೊತೆ ಮಾತಾಡ್ತಿದ್ರಿ?'

'ಯಾರ ಜೊತೇನೂ ಇಲ್ಲ' ಎಂದ. ಅವಳು ಕೇಳಿಸಿಕೊಂಡಿದ್ದಾಳೆ ಎಂಬ ಅನುಮಾನ ಬಂತು. ಕೇಳಿಸಿಕೊಂಡೂ ಏನೂ ಹೇಳುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಅನುಮಾನ. ತಟ್ಟೆಯ ಮುಂದೆ ಕೂತು ಸಾಸೇಜ್ ಕತ್ತರಿಸುತ್ತ ಕಿಟಕಿಯಾಚೆ ನೋಡಿದ. ಕಿತ್ತ ಕಡಲೆಕಾಯಿ ಬೇರು ಮೇಲಾಗಿ, ಬಳ್ಳಿ ಕೆಳಗಾಗಿ, ಸಾಲು ಸಾಲಾಗಿ ಬಿಸಿಲಿಗೆ ಬಿದ್ದಿತ್ತು. ಮಗುಚಿದ ಮಣ್ಣಿನ ವಾಸನೆ ಕಿಟಕಿಯ ಜಾಲರಿಯಿಂದ ಒಳಗೆ ಬರುತ್ತಿತ್ತು. ಒಳಗಿದ್ದದ್ದನ್ನು ಹೀಗೆ ಹೊರಗೆ ಮಗುಚಿ ಒಣಗಲು ಬಿಡುವ ಕೆಲಸ ಕಡಲೆಕಾಯಿಗೆ ಸರಿ, ಮನುಷ್ಯನಿಗೆ ಆಗುವಂಥದ್ದಲ್ಲ ಎಂದುಕೊಂಡ.

ಹೋದ ವಾರ ಚರ್ಚಿನ ಊಟದ ಹಾಲಿನಲ್ಲಿ ಕೌಂಟಿಯ ಪಕ್ಷದವರೆಲ್ಲ ಕೂತು ಜಗಳವಾಡಿದ್ದೂ ಬಣ್ಣದ ಮಾತು ಎತ್ತಬೇಕೋ ಬೇಡವೋ ಎಂಬುದಕ್ಕೇ. ಎದುರು ಪಕ್ಷದವರು ಮನೆಮನೆಗೆ ಕಾರ್ಡು ಹಂಚಿದ್ದರು. ಅದರಲ್ಲಿ ಮಾರ್ವೆಟ್‌ಳ ಫೋಟೋ. ಕೆಳಗೆ 'ಇವಳು ನಮ್ಮ ಕೌಂಟಿಯ ರೀತಿನೀತಿಗೆ ಸೇರಿದವಳಲ್ಲ' ಎಂಬ ಒಂದೇ ಸಾಲು. ಫೋಟೋದಲ್ಲಿ ಅವಳ ಮುಖ ಇರುವುದಕ್ಕಿಂತ ಕಪ್ಪಾಗಿತ್ತು. ಅಚ್ಚಿನ ದೋಷ ಎಂದು ಕೆಲವರು ಹೇಳಿದರು. ಡೀಕನ್ ಪರ್ವಿಸ್ ಆ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಬಾಲ ಹಿಡಿದು ತೋರಿಸುವವನಂತೆ ಎಲ್ಲರಿಗೂ ತೋರಿಸಿದ್ದ. ಪರ್ವಿಸ್ ಕೌಂಟಿ ಸಮಿತಿಯ ಹಿರಿಯ, ರೂಬೆನ್‌ನ ಚರ್ಚಿನಲ್ಲೇ ಪಾದ್ರಿಯ ನೆರವಿಗಿರುವ ಮುಂದಿನ ಬೆಂಚಿನವನು.

'ಅವರು ಬಣ್ಣದ ಮಾತೇ ಆಡ್ದೆ ಬಣ್ಣ ಬಳಿದ್ರು' ಎಂದ ಪರ್ವಿಸ್. 'ನಾವು ಮಾತ್ರ ಆಸ್ಪತ್ರೆ ಆಸ್ಪತ್ರೆ ಅಂತ ಜಪ ಮಾಡ್ಕೊಂಡು ಕೂತಿರ್ಬೇಕು. ನಮ್ಮ ಜನ ಯಾಕೆ ವೋಟಿಗೆ ಬರಲ್ಲ ಗೊತ್ತಾ? ನಮ್ಮನ್ನ ನಮ್ಮ ಹೆಸರಿಟ್ಟು ಯಾರೂ ಕರೆಯಲ್ಲ ಅದಕ್ಕೆ. ಮದುವೆಗೆ ಅಡುಗೆ ಮಾಡೋಕೆ ಬೇಕು ನಾವು, ಫೋಟೋಕ್ಕೆ ಬೇಡ.'

ಅಟ್ಲಾಂಟಾದಿಂದ ಬಂದಿದ್ದ ಶಾರ್ಲಿಸ್ ನಗುತ್ತಲೇ ಉತ್ತರ ಕೊಟ್ಟಿದ್ದಳು. ಪಕ್ಷದ ಭಾಷಣ, ಕಾರ್ಡು, ಟಿವಿ ಜಾಹೀರಾತು ಎಲ್ಲದರ ಮಾತು ನೋಡಿಕೊಳ್ಳುವ ಹುಡುಗಿ ಅವಳು. ರೂಬೆನ್‌ನ ಜನದವಳೇ, ನಗರದಲ್ಲಿ ಹುಟ್ಟಿ ಓದಿದವಳು. 'ಡೀಕನ್, ನೀವು ಹೇಳೋದು ನನ್ನ ಹೊಟ್ಟೆಗೂ ಗೊತ್ತು. ಆದ್ರೆ ನಾವು ಜನಕ್ಕೆ ಎರಡೂ ಥರದ ಮಾತು ಕೇಳಿಸಿ ನೋಡಿದೀವಿ. ಕರಿಯರು ಬಿಳಿಯರು ಅಂದ ತಕ್ಷಣ ಆ ಕಡೆಯವರ ಕಿವಿ ಮುಚ್ಕೊಳುತ್ತೆ. ಆಸ್ಪತ್ರೆ ಅಂದ್ರೆ ತೆಗ್ದಿರುತ್ತೆ. ಮೊದ್ಲು ಗೆಲ್ಲೋಣ, ಆಮೇಲೆ ಮಾತಾಡೋಣ.'

'ಗೆದ್ದ ಮೇಲೆ ಮಾತಾಡಿದವರನ್ನ ಒಬ್ಬರನ್ನ ತೋರ್ಸು, ತಾಯಿ' ಎಂದ ಪರ್ವಿಸ್. ಹಾಲಿನಲ್ಲಿ ನಗು ಎದ್ದಿತ್ತು. ಶಾರ್ಲಿಸ್ ಕೂಡ ನಕ್ಕಳು. ನಗುವಿನ ನಡುವೆ ಅವಳ ಕಣ್ಣು ಹಾಲಿನ ತುಂಬ ಓಡಾಡಿ ರೂಬೆನ್‌ನ ಮೇಲೆ ಬಂದು ನಿಂತಿತು. ಸಂತೆಯಲ್ಲಿ ಹೋರಿ ನೋಡುವವರ ಕಣ್ಣು ಅದು ಎಂದು ಅವನಿಗೆ ಆಗಲೇ ಅನಿಸಿತ್ತು. ಮಾರನೆಯ ದಿನವೇ ಮಗಳು ಬಂದು, 'ಅಪ್ಪಾ, ನೀನು ನಾಲ್ಕು ಮಾತು ಆಡ್ಬೇಕಂತೆ' ಎಂದಳು. ತಾನೇ ಯಾಕೆ? ಪರ್ವಿಸ್ ಮಾತು ಬಲ್ಲವನು. ಪಾದ್ರಿ ಇದ್ದಾರೆ. ಅವರ್ಯಾರೂ ಬೇಡವಾಗಿ, ಜನ್ಮದಲ್ಲಿ ಮೈಕು ಹಿಡಿಯದ ತಾನು ಯಾಕೆ ಬೇಕಾಯಿತು? ಮಗಳ ಅಪ್ಪ ಎಂದೇ ಇರಬಹುದು. ಅಥವಾ ಬಿಳಿಯರು ನೋಡಿದರೆ ಹೆದರದ ಕರಿಯ ಮುದುಕ ಹೇಗಿರಬೇಕೋ ತಾನು ಹಾಗೆಯೇ ಇರಬಹುದು. ಒಳ್ಳೆಯ ರೂಬೆನ್. ಯಾರ ತಂಟೆಗೂ ಹೋಗದ ರೂಬೆನ್. ಎಪ್ಪತ್ತು ವರ್ಷ ಜೋಪಾನವಾಗಿ ಬಾಳಿದ್ದಕ್ಕೆ ಸಿಕ್ಕ ಹೆಸರು ಇದೇ ಆದರೆ, ಅದನ್ನು ಈಗ ಯಾರೋ ತೂಕಕ್ಕೆ ಹಾಕುತ್ತಿದ್ದಾರೆ.

ತಿಂಡಿ ಮುಗಿಯುವ ಹೊತ್ತಿಗೆ ಶಾರ್ಲಿಸ್‌ಳ ಕಾರು ಅಂಗಳಕ್ಕೆ ಬಂತು. ಅಡುಗೆಮನೆಯಲ್ಲೇ ಅಭ್ಯಾಸ. ಅರ್ಲೀನ್ ಅವಳಿಗೆ ಕಾಫಿ ಕೊಟ್ಟು, ಬೇಕೆಂದೇ ಅಲ್ಲಿ ನಿಲ್ಲದೆ ಹಿತ್ತಲಿಗೆ ಹೋದಳು.

'ಮಿಸ್ಟರ್ ರೂಬೆನ್, ನನ್ನನ್ನೇ ಆ ಜನ ಅಂದ್ಕೊಂಡು ಹೇಳಿ. ಅವಸರ ಬೇಡ' ಎಂದಳು ಶಾರ್ಲಿಸ್.

ಹೇಳಿದ. 'ನಾನೂ ಮಿಸ್ಟರ್ ಹಾಯ್ಟೂ...'

'ಬರೀ ಹಾಯ್ಟ್ ಅನ್ನಿ. ಮಿಸ್ಟರ್ ಅಂದ್ರೆ ದೂರದವರ ಥರ ಕೇಳುತ್ತೆ. ನೀವಿಬ್ರೂ ಅಕ್ಕಪಕ್ಕದವರು ಅಲ್ವಾ? ಗೆಳೆಯರ ಥರ ಬರಲಿ.'

'ಬಾಯಿಗೆ ರೂಢಿಯಾಗ್ಬಿಟ್ಟಿದೆ.'

'ಗೊತ್ತು ಗೊತ್ತು. ನಮ್ಮಜ್ಜಿನೂ ಹಾಗೇ, ಟಪಾಲಿನವನಿಗೂ ಮಿಸ್ಟರ್ ಅಂತಿದ್ಳು. ಹಳೇ ಕಾಲದವರ ಮರ್ಯಾದೆ. ನಂಗೆ ತುಂಬಾ ಇಷ್ಟ ಅದು' ಎಂದು ಅವನ ಮುಂಗೈ ತಟ್ಟಿದಳು.

ಅವಳ ಮುಖವನ್ನೇ ನೋಡಿದ. ಅವಳಿಗೆ ಇದು ನಿಜವಾಗಿಯೂ ಕೇಳಿಸುತ್ತಿಲ್ಲವೇ, ಅಥವಾ ಕೇಳಿಸಿಯೂ ಕೇಳಿಸದ ಹಾಗೆ ಇರುವುದೇ ಇವಳ ಕಸುಬೇ? ಹಿರಿಯರೆಲ್ಲ ಅವಳಿಗೆ ಮಿಸ್ಟರೇ; ಇವನೂ ಮಿಸ್ಟರ್ ರೂಬೆನ್, ಹಾಯ್ಟನೂ ಮಿಸ್ಟರ್ ಹಾಯ್ಟ್. ಅವಳ ಬಾಯಲ್ಲಿ ಅದು ವಯಸ್ಸಿಗೆ ಕೊಡುವ ಮಾತು. ಇವನ ಬಾಯಲ್ಲಿ ಅದು ಏನು ಎಂದು ಹೇಳಲು ಹೊರಟರೆ, ಹಾಳೆಯಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಬಣ್ಣದ ಮಾತು ಬೇಡವೆಂದು ಇಷ್ಟು ಜನ ಕೂತು ತೂಗಿ ಅಳೆದು ಬರೆದ ಭಾಷಣದ ಎರಡನೆಯ ಪದದಲ್ಲಿ ಅದು ಆರಾಮಾಗಿ ಕೂತಿದೆ. 'ಮಿಸ್ಟರ್ ಹಾಯ್ಟ್' ಎಂದರೆ ಹಿಂದೆ ನಿಲ್ಲುವ ತನ್ನ ಜನಕ್ಕೆ ಕೇಳಿಸುತ್ತದೆ. 'ಹಾಯ್ಟ್' ಎಂದರೆ ಮುಂದೆ ಕೂರುವ ಬಿಳಿಯರಿಗೆ ಕೇಳಿಸುತ್ತದೆ. ಯಾರಿಗೂ ಕೇಳಿಸದ ಹಾಗೆ ಆ ಹೆಸರನ್ನು ಹೇಳುವ ಬಗೆ ಈ ಕೌಂಟಿಯಲ್ಲಿಲ್ಲ.

'ಇನ್ನೊಂದ್ಸಲ' ಎಂದಳು ಶಾರ್ಲಿಸ್. ಇನ್ನೊಂದು ಸಲ ಎಂದಿದ್ದ ಅವನ ಅಪ್ಪನೂ ಒಂದು ಸಂಜೆ, ಹಂದಿಗಳ ತೊಟ್ಟಿಯ ಪಕ್ಕದಲ್ಲಿ ನಿಂತು. ಅಪ್ಪನ ಕೈಯಲ್ಲಿ ಖಾಲಿ ಬಕೆಟ್ ಇತ್ತು. ಆಗ ರೂಬೆನ್‌ನಿಗೆ ಹನ್ನೆರಡು ತುಂಬಿತ್ತೋ ಇಲ್ಲವೋ. ಅವತ್ತು ಹೊಳೆಯ ಮಡುವಿನಲ್ಲಿ ಅವನೂ ಹಾಯ್ಟನೂ ಗಾಳ ಹಾಕಿ ಕೂತಿದ್ದರು, ಎಲ್ಲ ಬೇಸಿಗೆಯಲ್ಲೂ ಕೂರುತ್ತಿದ್ದ ಹಾಗೆ. 'ಲೇ ಹಾಯ್ಟ್, ನಿನ್ನ ಗಾಳ ಎಳೀತಾ ಇದೆ ನೋಡೋ' ಎಂದು ಅವನು ಕೂಗಿದ್ದನ್ನು ದಂಡೆಯ ಮೇಲಿಂದ ಹಾಯ್ಟನ ಅಪ್ಪ ಕೇಳಿಸಿಕೊಂಡಿದ್ದ. ಬೈಯಲಿಲ್ಲ. ಸಂಜೆ ಬೇಲಿಯ ಹತ್ತಿರ ಬಂದು ರೂಬೆನ್‌ನ ಅಪ್ಪನ ಜೊತೆ ಹವಾಮಾನ ಮಾತಾಡಿ, ಹತ್ತಿಯ ಹುಳದ ಮಾತಾಡಿ, ಹೋಗುವಾಗ ನೆನಪಾದವನ ಹಾಗೆ ಹೇಳಿದ್ದ: ಹುಡುಗರಿಬ್ಬರೂ ದೊಡ್ಡವರಾಗುತ್ತಿದ್ದಾರೆ, ಇನ್ನು ನಿನ್ನ ಹುಡುಗ ನಮ್ಮವನನ್ನು ಕರೆಯುವ ರೀತಿಯಲ್ಲಿ ಕರೆಯುವುದು ಒಳ್ಳೆಯದು, ಅಲ್ಲವಾ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಒಂದು ಬಗೆಯ ಕಾಳಜಿಯೇ ಇತ್ತು. ಅಪ್ಪ ಟೋಪಿ ತೆಗೆದು ಹೌದು ಎಂದಿದ್ದ. ಆಮೇಲೆ ಹಂದಿಗಳು ಉಣ್ಣುತ್ತಿರುವಾಗ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಕಲಿಸಿದ. ಹೇಳು. ಇನ್ನೊಂದು ಸಲ. ಹಲ್ಲು ಕಚ್ಚಿ ಹೇಳಬೇಡ, ಹಾಗೆ ಹೇಳಿದರೆ ಹೇಳದೆ ಇರುವುದೇ ವಾಸಿ. ನಗುತ್ತ ಹೇಳಬೇಡ, ಅಣಕ ಎಂದುಕೊಳ್ಳುತ್ತಾರೆ. ನೀರು ಕುಡಿದ ಹಾಗೆ ಬರಬೇಕು. ನೀರು ಕುಡಿದ ಹಾಗೆ ಬರುವವರೆಗೂ ಅಪ್ಪ ಬಿಡಲಿಲ್ಲ. ಬಂದ ಮೇಲೆ ಬಕೆಟ್ ಎತ್ತಿಕೊಂಡು ಹೋದ. ಅಪ್ಪ ಆವತ್ತು ತನ್ನನ್ನು ಉಳಿಸಿದನೋ, ಕೊಂದನೋ? ಎರಡನ್ನೂ ಒಂದೇ ಮಾತಿನಲ್ಲಿ ಮಾಡಿದ ಎಂದು ರೂಬೆನ್‌ನಿಗೆ ಆಗಾಗ ಅನಿಸುತ್ತದೆ. ಮಾರನೆಯ ದಿನ ಮಡುವಿನ ಹತ್ತಿರ 'ಮಿಸ್ಟರ್ ಹಾಯ್ಟ್' ಎಂದಾಗ ಆ ಹುಡುಗ 'ಮಿಸ್ಟರ್' ಎಂಬುದನ್ನಷ್ಟೇ ಕೇಳಿ ಹಿಂತಿರುಗಿ, ತನ್ನ ಅಪ್ಪ ಬಂದನೇನೋ ಎಂದು ನೋಡಿದ್ದ. ತನಗೇ ಹೇಳಿದ್ದೆಂದು ತಿಳಿದಾಗ ಅವನ ಕಿವಿ ಕೆಂಪಾಯಿತು. 'ಹಾಗನ್ಬೇಡ' ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಗಾಳದ ಕಡೆ ತಿರುಗಿದ.

'ಸೂಪರ್' ಎಂದಳು ಶಾರ್ಲಿಸ್. 'ಈಗ ಬಂತು ನೋಡಿ. ಹಾಯ್ಟ್. ಎಷ್ಟು ಸಹಜವಾಗಿ ಬಂತು.'

ಬಂದಿತ್ತೇ? ತಾನು ಯಾವಾಗ ಹೇಳಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಮಗಳೇ ಪಿಕಪ್ ತಂದು ಅಪ್ಪನನ್ನು ಕೂರಿಸಿಕೊಂಡಳು. ಅರ್ಲೀನ್ ಹಿಂದಿನ ಗಾಡಿಯಲ್ಲಿ ಚರ್ಚಿನ ಹೆಂಗಸರ ಜೊತೆ. ಮಾರ್ವೆಟ್ ನರ್ಸಿನ ಕೆಲಸದಲ್ಲಿದ್ದಾಗ ಹಾಕುತ್ತಿದ್ದ ಬಿಳಿ ಬೂಟನ್ನೇ ಹಾಕಿದ್ದಳು. ಉಳಿದ ಬಟ್ಟೆ ಹೊಸದು. ಆಸ್ಪತ್ರೆ ಮುಚ್ಚುವ ದಿನ ಕೊನೆಯ ರೋಗಿಯನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದವಳು ಅವಳೇ. ಆಮೇಲೆ ಹಾಯ್ಟನ ಹೆಂಡತಿಗೆ ಪಾರ್ಶ್ವವಾಯು ಹೊಡೆದಾಗ, ಆಂಬ್ಯುಲೆನ್ಸ್ ಬರುವವರೆಗೆ ನೆಲದ ಮೇಲೆ ಅವಳ ತಲೆ ಹಿಡಿದುಕೊಂಡು ಕೂತವಳೂ ಇವಳೇ. ಆ ಹೆಂಗಸು ಉಳಿದಳು, ಮಾತು ಉಳಿಯಲಿಲ್ಲ. ಜೀವಮಾನವೆಲ್ಲ ಎದುರು ಪಕ್ಷಕ್ಕೇ ವೋಟು ಹಾಕಿದ ಹಾಯ್ಟ್, ಈ ಸಲ ನಿನ್ನ ಹುಡುಗಿಗೆ ನನ್ನ ಶೆಡ್ಡು ಕೊಡುತ್ತೇನೆ ಎಂದು ತಾನಾಗಿ ಹೇಳಿದ್ದು ಅದಕ್ಕೇ. ಹಾಗೆಂದು ಎಲ್ಲರೂ ನಂಬಿದ್ದರು. ರೂಬೆನ್ ಕೂಡ ಹಗಲಿನಲ್ಲಿ ನಂಬುತ್ತಿದ್ದ. ಆದರೆ ಹೊಳೆಯ ದಂಡೆಯ ತನ್ನ ತುಂಡು ಜಮೀನಿನ ಮೇಲೆ ಗ್ಯಾಸ್ಕಿನ್ ಮನೆಯವರ ಕಣ್ಣು ಎರಡು ತಲೆಮಾರಿನಿಂದ ಇದೆ ಎಂಬುದು ಆ ನಂಬಿಕೆಯ ಪಕ್ಕದಲ್ಲೇ ಕೂತಿರುತ್ತಿತ್ತು.

'ಸುಮ್ನೆ ಇದೀಯಲ್ಲ' ಎಂದಳು ಮಗಳು.

'ಒಂದು ಕೇಳ್ಲಾ? ನೀನು ಅವನನ್ನ ಏನಂತ ಕರೀತೀಯ?'

'ಯಾರನ್ನ?'

'ಮಿಸ್ಟರ್ ಹಾಯ್ಟನ್ನ.'

ಮಾರ್ವೆಟ್ ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿಕೊಂಡಳು. 'ಏನೂ ಕರೆಯಲ್ಲ. ಹೇಗೋ ಜಾರ್ಕೊಳ್ತೀನಿ. ಎದುರಿಗೆ ಸಿಕ್ಕಿದ್ರೆ ಹಲೋ ಅಂತೀನಿ. ಫೋನಾದ್ರೆ, ನಾನು ಮಾರ್ವೆಟ್ ಅಂತ ಶುರುಮಾಡ್ತೀನಿ.' ನಕ್ಕಳು. ಆಮೇಲೆ ನಗು ನಿಲ್ಲಿಸಿ, 'ಅಪ್ಪಾ, ನೀನು ಅದೇ ಯೋಚ್ನೆ ಮಾಡ್ತಿದೀಯಾ?' ಎಂದಳು.

'ಇಲ್ಲಪ್ಪ.'

'ಬರೆದಿದ್ದನ್ನ ಓದು, ಸಾಕು. ಆ ಕಡೆಯವರದ್ದು ಒಂದಿಷ್ಟು ವೋಟು ಬರ್ಲಿಲ್ಲ ಅಂದ್ರೆ ನಾನು ಗೆಲ್ಲಲ್ಲ. ನಾನು ಗೆಲ್ಲಲಿಲ್ಲ ಅಂದ್ರೆ ಆ ಆಸ್ಪತ್ರೆ ಬಾಗ್ಲು ಇನ್ನು ತೆಗ್ಯಲ್ಲ. ಅಷ್ಟೇ ಲೆಕ್ಕ. ಪರ್ವಿಸ್ ಏನ್ ಅಂದ್ರೂ ಅನ್ಲಿ, ಅವರ ವೋಟು ನಂಗೆ ಬಂದೇ ಬರುತ್ತೆ.'

ಆ ಕೊನೆಯ ಮಾತು ಅವನಿಗೆ ನಾಟಿತು. ಬಂದೇ ಬರುತ್ತದೆ. ಅಪ್ಪನ ಮಾತು ಕೂಡ ಬಂದೇ ಬರುತ್ತದೆ ಎಂದು ಇವಳು ಲೆಕ್ಕ ಹಾಕಿರಬೇಕು. ಒಮ್ಮೆ, ಚಿಕ್ಕವಳಿದ್ದಾಗ, ಗೊಬ್ಬರದ ಅಂಗಡಿಯಲ್ಲಿ ಅವನ ಕೈ ಹಿಡಿದು ನಿಂತಿದ್ದಳು. ಹಾಯ್ಟ್ ಬಂದು ಅವನ ಬೆನ್ನು ತಟ್ಟಿ, 'ರೂಬೆನ್, ಈ ಮರಿ ನಿಂದಾ?' ಎಂದ. 'ಹೌದು, ಮಿಸ್ಟರ್ ಹಾಯ್ಟ್' ಎಂದು ಇವನು ಹೇಳಿದಾಗ ಅವಳು ತನ್ನ ಕೈಯನ್ನು ಬಿಡಿಸಿಕೊಂಡು ಬೀಜದ ಚೀಲಗಳ ಕಡೆಗೆ ಹೋದದ್ದು ನೆನಪಿದೆ. ಚೀಲದ ಮೇಲಿನ ಚಿತ್ರ ನೋಡಲು ಹೋಗಿದ್ದಳೋ ಏನೋ. ಮಕ್ಕಳು ಹಾಗೇ. ಮೂವತ್ತು ವರ್ಷ, ಅವಳು ಚಿತ್ರ ನೋಡಲು ಹೋಗಿದ್ದಳು ಎಂದೇ ಅವನು ಅಂದುಕೊಂಡಿದ್ದ.

ಶೆಡ್ಡಿನ ಮುಂದೆ ಗಾಡಿಗಳು ಆಗಲೇ ತುಂಬಿದ್ದವು. ಕಡಲೆಕಾಯಿ ತುಂಬಿದ ಟ್ರೇಲರುಗಳನ್ನು ಒಂದು ಬದಿಗೆ ಸರಿಸಿದ್ದರು. ಅವುಗಳಿಗೆ ಬಿಸಿಗಾಳಿ ಊದುವ ಫ್ಯಾನುಗಳು ಒಂದೇ ಸಮನೆ ಮೊರೆಯುತ್ತಿದ್ದವು. ಒಂದು ಕಡಾಯಿಯಲ್ಲಿ ಉಪ್ಪು ಹಾಕಿದ ಹಸಿ ಕಾಯಿ ಬೇಯುತ್ತಿತ್ತು. ಯಾರೂ ಹೇಳದೆಯೇ ಜನ ಎರಡಾಗಿ ಕೂತಿದ್ದರು: ವೇದಿಕೆಯೆಂದು ಜೋಡಿಸಿದ ಹಲಗೆಯ ಹತ್ತಿರದ ಕುರ್ಚಿಗಳಲ್ಲಿ ಹಾಯ್ಟನ ಕಡೆಯ ರೈತರು, ಅವರ ಹೆಂಡಂದಿರು, ಹಿಂದೆ ನೆರಳಿನಲ್ಲಿ ಕಾಗದದ ತಟ್ಟೆ ಹಿಡಿದು ನಿಂತವರು ರೂಬೆನ್‌ನ ಚರ್ಚಿನವರು. ಶಾರ್ಲಿಸ್ ಹೋಗಿ ಅವರನ್ನು ಮುಂದೆ ಕರೆದಳು. 'ನಾವಿಲ್ಲೇ ಚೆನ್ನಾಗಿದೀವಿ ಕಣಮ್ಮ, ಇಲ್ಲಿ ಗಾಳಿ ಬರುತ್ತೆ' ಎಂದ ಡೀಕನ್ ಪರ್ವಿಸ್. ರೂಬೆನ್ ಪಕ್ಕದಲ್ಲಿ ಹಾದುಹೋಗುವಾಗ ಕಾಯಿ ಬಿಡಿಸುತ್ತಲೇ, 'ಏನಪ್ಪಾ, ಮದುವೆ ಗಂಡಿನ ಥರ ಆಗಿದೀಯ. ಯಾರ್ಗೆ ಕೊಡ್ತಿದಾರೆ ನಿನ್ನ?' ಎಂದ. ರೂಬೆನ್ ನಕ್ಕ. ನಗಬಾರದಿತ್ತು ಎಂದು ಎರಡು ಹೆಜ್ಜೆ ಹೋದ ಮೇಲೆ ಅನಿಸಿತು.

ಹಾಯ್ಟ್ ಎದುರಿಗೆ ಬಂದ. ಒಗೆದ ಅಂಗಿ ಹಾಕಿ, ಕೂದಲು ನೀರು ಹಚ್ಚಿ ಬಾಚಿಕೊಂಡಿದ್ದ. ಅವನ ಹಿಂದೆ ಗಾಲಿಕುರ್ಚಿಯಲ್ಲಿ ಹೆಂಡತಿ. ಅವಳ ಬಾಯಿಯ ಒಂದು ಮೂಲೆ ಕೆಳಕ್ಕೆ ಜಾರಿತ್ತು, ಕಣ್ಣು ಮಾತ್ರ ಚುರುಕಾಗಿ ಎಲ್ಲವನ್ನೂ ನೋಡುತ್ತಿತ್ತು.

'ಎದೆ ಹೊಡ್ಕೋತಿದೆಯಾ, ರೂಬೆನ್?' ಎಂದ ಹಾಯ್ಟ್.

'ಸ್ವಲ್ಪ.'

'ನಂಗೂ. ಇಲ್ಲಿ ಕೂತಿರೋರಲ್ಲಿ ಅರ್ಧ ಜನ ನಾಳೆಯಿಂದ ನನ್ನ ಶೆಡ್ಡಿಗೆ ಕಾಯಿ ತರ್ತಾರೋ ಇಲ್ವೋ ಗೊತ್ತಿಲ್ಲ. ಹೋಗ್ಲಿ ಬಿಡು. ನಿನ್ನ ಹುಡುಗಿ ಅವತ್ತು ಬರ್ದೆ ಇದ್ದಿದ್ರೆ...' ಹೆಂಡತಿಯ ಭುಜದ ಮೇಲೆ ಕೈಯಿಟ್ಟ. ರೂಬೆನ್‌ನಿಗೆ ಒಂದು ಕ್ಷಣ ತನ್ನ ಅನುಮಾನಗಳೆಲ್ಲ ಕೊಳಕಾಗಿ ಕಂಡವು. ಈ ಮನುಷ್ಯನೂ ಏನನ್ನೋ ಪಣಕ್ಕಿಟ್ಟಿದ್ದಾನೆ. 'ನೀವು ಮಾಡ್ತಿರೋದು ದೊಡ್ಡದು, ಮಿಸ್ಟರ್ ಹಾಯ್ಟ್' ಎಂದ. ನೀರು ಕುಡಿದ ಹಾಗೆ ಬಂತು. ಹಾಯ್ಟ್ ತಲೆದೂಗಿದ. ಆ ಪದ ಅವನಿಗೆ ಕೇಳಿಸಲೇ ಇಲ್ಲ. ಫ್ಯಾನಿನ ಸದ್ದು ಶೆಡ್ಡಿನವರಿಗೆ ಕೇಳಿಸದ ಹಾಗೆ.

ಹಲಗೆಯ ಮೇಲೆ ನಿಂತಾಗ ಮೈಕು ಅವನ ಗಲ್ಲದ ಎತ್ತರಕ್ಕಿತ್ತು. ಬಗ್ಗಬೇಕಾಗಿತ್ತು. ಬಗ್ಗಬಾರದೆಂದುಕೊಂಡು ನೆಟ್ಟಗೆ ನಿಂತ; ಶಾರ್ಲಿಸ್ ಓಡಿಬಂದು ಮೈಕನ್ನು ಎತ್ತರಿಸಿ ಹೋದಳು. ಅಷ್ಟು ಹೊತ್ತಿನಲ್ಲಿ ಅವನಿಗೆ ಎಲ್ಲರ ಮುಖವೂ ಕಂಡಿತು. ಮುಂದಿನ ಸಾಲಿನ ಬಿಳಿಯರು ಮರ್ಯಾದೆಯಿಂದ ಕಾಯುತ್ತಿದ್ದರು. ಹಿಂದಿನವರು ಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದರು. ಅರ್ಲೀನ್ ಕೈಚೀಲವನ್ನು ಎದೆಗೆ ಅವುಚಿ ಹಿಡಿದಿದ್ದಳು. ಮಗಳು ಮೆಟ್ಟಿಲ ಹತ್ತಿರ ನಿಂತು ಅವನನ್ನು ನೋಡುತ್ತಿದ್ದಳು, ಅವನ ಬಾಯನ್ನು. ಇವತ್ತು ಹೇಳುತ್ತೇನೆ ಎಂದುಕೊಂಡ. ಪಕ್ಷ ಹೇಳಿದೆಯೆಂದಲ್ಲ. ಗೆಲ್ಲುವುದಕ್ಕೂ ಅಲ್ಲ. ಇಷ್ಟು ಜನರ ಎದುರಿಗೆ ಆ ಹೆಸರನ್ನು ಬರಿದಾಗಿ ಒಂದು ಸಲ ನೆಲಕ್ಕೆ ಇಳಿಸಿ ನಿಲ್ಲಿಸುತ್ತೇನೆ. ಬೇಕಾದರೆ ಶೆಡ್ಡಿನ ತಗಡು ಬೀಳಲಿ.

'ಎಲ್ರಿಗೂ ನಮಸ್ಕಾರ' ಎಂದ. 'ನಾನೂ ಮಿಸ್ಟರ್ ಹಾಯ್ಟೂ ಒಂದೇ ಬೇಲಿಯ ಎರಡು ಬದಿಯಲ್ಲಿ ಬೆಳೆದವರು.'

ಅವನಿಗೆ ಅದು ತಕ್ಷಣ ಗೊತ್ತಾಗಲಿಲ್ಲ. ಮಳೆಯ ಮಾತಿಗೆ ಬಂದಾಗ ಮುಂದಿನ ಸಾಲಿನಲ್ಲಿ ಮುಖಗಳು ಸಡಿಲವಾಗಿದ್ದು ಕಂಡಿತು. ಯಾವುದೋ ಭಯದಿಂದ ಹೊರಬಂದವರ ಹಾಗೆ ಕುರ್ಚಿಗೆ ಒರಗಿಕೊಂಡರು. ಒಬ್ಬ ಹೆಂಗಸು ಪಕ್ಕದವಳ ತೊಡೆ ತಟ್ಟಿ ಮುಗುಳುನಕ್ಕಳು. ಆಗ ತಾನು ಏನು ಹೇಳಿದೆ ಎಂಬುದು ಅವನ ಕಿವಿಗೆ ಬಂದು ಮುಟ್ಟಿತು. ಆಂಬ್ಯುಲೆನ್ಸಿನ ಮಾತು ಮುಗಿಸಿದ. ಚಪ್ಪಾಳೆ ಬಿತ್ತು, ಮನಃಪೂರ್ವಕವಾದ, ಬೆಚ್ಚಗಿನ ಚಪ್ಪಾಳೆ, ಎಲ್ಲ ಮುಂದಿನಿಂದಲೇ. ಶಾರ್ಲಿಸ್ ಗೋಡೆಯ ಹತ್ತಿರ ನಿಂತು ಹೆಬ್ಬೆರಳು ಎತ್ತಿ ತೋರಿಸಿದಳು. ಬರೆದುಕೊಟ್ಟದ್ದಕ್ಕಿಂತ ಇದೇ ಚೆನ್ನಾಗಿ ಕೆಲಸ ಮಾಡಿತೆಂದು ಅವಳು ಮುಂದಿನ ಸಲಕ್ಕೆ ನೆನಪಿಟ್ಟುಕೊಂಡಳೇನೋ. ಹಿಂದೆ, ನೆರಳಿನಲ್ಲಿ, ಪರ್ವಿಸ್ ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಅಣಕವಿರಲಿಲ್ಲ, ಅದೇ ಹೆಚ್ಚು ನೋವು ಕೊಟ್ಟಿತು. ತನ್ನದೇ ಬಾಯಿ ತನಗೆ ಹೀಗೆ ಮಾಡಿತಲ್ಲ ಎಂದುಕೊಳ್ಳುತ್ತ ರೂಬೆನ್ ಮೆಟ್ಟಿಲಿಳಿದ. ಅಥವಾ ತಾನೇ ಬಾಯಿಯ ಹಿಂದೆ ಅವಿತುಕೊಂಡು ಹೇಳಿಸಿದೆನೋ. ಮಗಳಿಗೆ ವೋಟು ಬೇಕಿತ್ತು. ವೋಟು ಬರುವ ದಾರಿ ಬಾಯಿಗೆ ಗೊತ್ತಿತ್ತು.

ಎದುರಿಗೆ ಮೆಟ್ಟಿಲು ಹತ್ತುತ್ತಿದ್ದ ಮಾರ್ವೆಟ್ ಅವನ ಮುಖ ನೋಡಲಿಲ್ಲ. ಮೈಕಿನ ಮುಂದೆ ನಿಂತು ಕೈಯಲ್ಲಿದ್ದ ಹಾಳೆಗಳನ್ನು ಒಮ್ಮೆ ನೇರ ಮಾಡಿಕೊಂಡಳು.

'ಈಗ ಮಾತಾಡಿದವರು ಮಿಸ್ಟರ್ ಟಾರ್ವರ್ ಅವರು' ಎಂದಳು. 'ಅವರು ನಮ್ಮ ತಂದೆ.'

ಮನೆಯಲ್ಲಿ ಅವಳು ಅವನನ್ನು ನೀನು ಎನ್ನುವವಳು. ಈ ಕೌಂಟಿಯಲ್ಲಿ, ಶವಪೆಟ್ಟಿಗೆಯ ಮುಂದೆ ನಿಂತ ಪಾದ್ರಿಯನ್ನು ಬಿಟ್ಟರೆ, ಒಬ್ಬ ಟಾರ್ವರನನ್ನು ಇಷ್ಟು ಜನರ ಮುಂದೆ ಯಾರೂ ಹಾಗೆ ಕರೆದಿರಲಿಲ್ಲ. ಹಿಂದಿನಿಂದ ಯಾರೋ, ಚರ್ಚಿನಲ್ಲಿ ಪ್ರವಚನಕ್ಕೆ ಓಗೊಡುವ ಹಾಗೆ, ಮೆಲ್ಲಗೆ 'ಹ್ಞೂಂ' ಎಂದರು.

'ಮತ್ತೆ, ಥ್ಯಾಂಕ್ಸ್, ಹಾಯ್ಟ್' ಎಂದಳು ಮಾರ್ವೆಟ್. 'ಶೆಡ್ಡು ಕೊಟ್ಟಿದ್ದಕ್ಕೆ.'

ಫ್ಯಾನುಗಳ ಮೊರೆತ ಒಮ್ಮೆಲೇ ದೊಡ್ಡದಾಯಿತು. ಕುರ್ಚಿಯೊಂದು ಕಿರ್ರೆಂದಿತು. ಶಾರ್ಲಿಸ್ ತನ್ನ ಕೈಯಲ್ಲಿದ್ದ ಪ್ರತಿಯ ಮೊದಲ ಪುಟವನ್ನು ಮಗುಚಿ, ಎರಡನೆಯದನ್ನು ಮಗುಚಿ, ಮತ್ತೆ ಮೊದಲನೆಯದಕ್ಕೆ ಬಂದಳು. ಹುಡುಕುತ್ತಿದ್ದಳೇ, ಹುಡುಕುವ ಹಾಗೆ ಮಾಡುತ್ತಿದ್ದಳೇ? ಇವರಿಬ್ಬರೂ ಸೇರಿ ಇದನ್ನೂ ಮೊದಲೇ ಗೊತ್ತುಮಾಡಿಕೊಂಡಿದ್ದರೇ? ಮುಂದಿನವರಿಗೆ ಅಪ್ಪ, ಹಿಂದಿನವರಿಗೆ ಮಗಳು, ಹಾಗೆ ಹಂಚಿಕೊಟ್ಟಿದ್ದರೇ? ಅಥವಾ ಬೀಜದ ಚೀಲಗಳ ಕಡೆಗೆ ಹೋಗಿದ್ದ ಹುಡುಗಿ ಈಗ ತಿರುಗಿ ಬಂದು ಅವನ ಕೈ ಹಿಡಿದಳೇ? ಗೆಲ್ಲಬೇಕಾದ ಚುನಾವಣೆಯನ್ನು ಎರಡು ಮಾತಿಗೆ ಬಿಟ್ಟುಕೊಟ್ಟಳೇ? ಇಷ್ಟೆಲ್ಲ ಅವನ ತಲೆಯಲ್ಲಿ ಓಡಿದ್ದು ಆಮೇಲೆ. ಆ ಕ್ಷಣದಲ್ಲಿ ಅವನು ನೋಡುತ್ತಿದ್ದದ್ದು ಮಗಳನ್ನಲ್ಲ. ಶೆಡ್ಡಿನಲ್ಲಿದ್ದ ಅಷ್ಟೂ ಮುಖಗಳನ್ನು ಬಿಟ್ಟು ಅವನ ಕಣ್ಣು ನೇರವಾಗಿ ಹಾಯ್ಟ್ ಗ್ಯಾಸ್ಕಿನ್‌ನ ಮುಖಕ್ಕೆ ಹೋಗಿ ನಿಂತಿತ್ತು: ಆ ಮುಖ ಗಂಟಿಕ್ಕುತ್ತದೆಯೋ, ನಗುತ್ತದೆಯೋ, ತಡೆದುಕೊಳ್ಳುತ್ತದೆಯೋ, ಮಗು ಆಡಿದ ಮಾತು ಹೊಟ್ಟೆಗೆ ಹಾಕಿಕೊಳ್ಳುತ್ತದೆಯೋ ಎಂದು. ಹಾಯ್ಟನ ಕಿವಿ ಕೆಂಪಾಗಿತ್ತು. ಅವನ ಹೆಂಡತಿ ಆಡುವ ಒಂದು ಕೈಯಿಂದ ತನ್ನ ಕುರ್ಚಿಯ ಹಿಡಿಯನ್ನು ತಟ್ಟತೊಡಗಿದಳು, ಒಂದೇ ಸಮನೆ; ಅದು ಚಪ್ಪಾಳೆಯೋ, ಇಲ್ಲಿಂದ ಹೋಗೋಣ ಎನ್ನುವುದೋ ಯಾರಿಗೂ ತಿಳಿಯಲಿಲ್ಲ. ಹಾಯ್ಟ್ ಅವಳ ಕಡೆ ಬಗ್ಗಿದ.

ಆಗ ರೂಬೆನ್ ಬಲವಂತದಿಂದ ಕಣ್ಣು ಕಿತ್ತು ವೇದಿಕೆಯ ಕಡೆ ತಿರುಗಿದ. ಮಾರ್ವೆಟ್ ಅವನನ್ನೇ ನೋಡುತ್ತಿದ್ದಳು. ಅವನ ಕಣ್ಣು ಎಲ್ಲಿಂದ ತಿರುಗಿ ಬಂತೆಂಬುದನ್ನೂ ನೋಡಿದ್ದಳು. ಒಂದು ಉಸಿರು ತೆಗೆದುಕೊಂಡು, ಹಾಳೆಯ ಕಡೆ ತಲೆ ತಗ್ಗಿಸಿ, ಅವಳು ಆಸ್ಪತ್ರೆಯ ಮಾತು ಶುರುಮಾಡಿದಳು.